ಓದುಗರ ಪ್ರಶ್ನೆ: ಬಣ್ಣದ ಬೆಟ್ಟ, ಬಣ್ಣಗೆಟ್ಟ ಫೋಟೊ

ಪ್ರಶ್ನೆ: ಬೀದರ್ ಕೋಟೆಯ ಕೆಂಪು ಕಲ್ಲು ಫೋಟೊದಲ್ಲಿ ಒಮ್ಮೆ ಬೂದಿ ಬಳಿದಂತೆ, ಇನ್ನೊಮ್ಮೆ ಕುಂಕುಮ ಮೆತ್ತಿದಂತೆ ಬರುತ್ತದೆ. ಆಗಸ್ಟ್‌ನಲ್ಲಿ ಐಸ್‌ಲೆಂಡಿನ ಲಾಂಡ್‌ಮನ್ನಲೊಯ್ಗರ್ ಬೆಟ್ಟಗಳಿಗೆ ಹೊರಟಿದ್ದೇವೆ. ಏನು ಮಾಡಬೇಕು?
– ಓದುಗರು, ಬೀದರ್

ಉತ್ತರ: ಬೂದಿ ಬಣ್ಣಕ್ಕೆ ಕಾರಣ ಆಟೊ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ನೋಡಿ ಫೋಟೊದ ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸುವುದು. ಚೌಕಟ್ಟಿನ ತುಂಬ ಕೆಂಪೇ ಇದ್ದರೆ ಕ್ಯಾಮೆರಾ ಬೆಳಕೇ ಕೆಂಪಗಿದೆ ಎಂದುಕೊಂಡು ನೀಲಿ ಬೆರೆಸುತ್ತದೆ. ಡೇಲೈಟ್‌ಗೆ ಅಥವಾ 5200–5500 ಕೆಲ್ವಿನ್‌ಗೆ ಇಟ್ಟು ಬಿಡಿ, ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಕಡತ) ತೆಗೆಯಿರಿ.

ಕುಂಕುಮದ ತೊಂದರೆ ಬೇರೆ. ಒಟ್ಟು ಹಿಸ್ಟೋಗ್ರಾಮ್ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿ ಕಂಡರೂ ಕೆಂಪು ಚಾನೆಲ್ ಬಲ ಅಂಚಿಗೆ ಬಡಿದಿರುತ್ತದೆ. ಜಂಬಿಟ್ಟಿಗೆಯ ತೂತು, ಬಿರುಕುಗಳೆಲ್ಲ ಅಳಿಸಿಹೋಗುತ್ತವೆ. ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿಕೊಂಡು ಎಕ್ಸ್‌ಪೋಷರನ್ನು ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಬಣ್ಣ ಗಾಢ ಮಾಡುವ ವಿವಿಡ್ ಮೋಡ್ ಬೇಡವೇ ಬೇಡ: ಹಿಸ್ಟೋಗ್ರಾಮ್ ತಯಾರಾಗುವುದು ರಾ ಫೈಲ್‌ನಿಂದಲ್ಲ, ಕ್ಯಾಮೆರಾ ಸಂಸ್ಕರಿಸಿದ ಜೆಪೆಗ್‌ನಿಂದ, ಹಾಗಾಗಿ ಅದು ಇಲ್ಲದ ಕೆಂಪನ್ನು ತೋರಿಸಿ ಹೆದರಿಸುತ್ತದೆ. ನ್ಯೂಟ್ರಲ್ ಸಾಕು.

ಲಾಂಡ್‌ಮನ್ನಲೊಯ್ಗರ್‌ನದು ರಯೋಲೈಟ್ ಬೆಟ್ಟ, ಅಂದರೆ ಜ್ವಾಲಾಮುಖಿಯ ಕಲ್ಲಿನದು. 855 ಮೀಟರಿನ ಬ್ರೆನ್ನಿಸ್ಟೈನ್ಸಾಲ್ಡಾ ಒಂದರಲ್ಲೇ ಕಬ್ಬಿಣದ ಕೆಂಪು, ಗಂಧಕದ ಹಳದಿ, ಪಾಚಿಯ ಹಸಿರು, ಲಾವಾದ ಕಪ್ಪು ಎಲ್ಲ ಸಿಗುತ್ತವೆ. ಅಲ್ಲಿ ವೈಡ್ ಲೆನ್ಸ್‌ಗಿಂತ ದೂರದ್ದನ್ನು ಹತ್ತಿರ ತರುವ 70–200 ಮಿ.ಮೀ. ಲೆನ್ಸ್ ಹೆಚ್ಚು ಉಪಯೋಗ, ವೈಡ್‌ನಲ್ಲಿ ಬಣ್ಣದ ಪಟ್ಟೆಗಳು ದೂರ ಸರಿದು ತೆಳುವಾಗುತ್ತವೆ. ಅಪರ್ಚರ್ ಎಫ್/8, ಗಾಳಿ ಇದ್ದರೆ ಶಟರ್ 1/250 ಸೆಕೆಂಡು. ಬಿಸಿಲಿಗೆ ಕಾಯಬೇಡಿ, ತೆಳು ಮೋಡವೇ ಒಳ್ಳೆಯದು. ಮಳೆ ನಿಂತ ಕೂಡಲೇ ಪೋಲರೈಸರ್ (ಹೊಳಪು ತಡೆಯುವ ಫಿಲ್ಟರ್) ತಿರುಗಿಸಿ ನೋಡಿ: ಒದ್ದೆ ಕಲ್ಲಿನ ಹೊಳಪು ಇಳಿದು ಬಣ್ಣ ಗಾಢವಾಗುತ್ತದೆ. ಒಂದೆರಡು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ, ಐಎಸ್‌ಒ ಏರಿಸಿಕೊಳ್ಳಿ. ಬಿಸಿ ಹಬೆ ಏಳುವ ಕಡೆ ಲೆನ್ಸ್‌ಗೆ ಫಿಲ್ಟರ್ ಇರಲಿ. ಹನಿ ಒಣಗಿದರೆ ಖನಿಜದ ಕಲೆ ಉಳಿಯುತ್ತದೆ. ಒಣಬಟ್ಟೆಯಿಂದ ಉಜ್ಜದೆ ಆಗಲೇ ಒದ್ದೆಬಟ್ಟೆಯಿಂದ ಒರೆಸಿ.

ಅಭ್ಯಾಸಕ್ಕೆ ನಿಮ್ಮೂರೇ ಸಾಕು. ಜುಲೈನಲ್ಲಿ ಒಂದು ಮಳೆ ಬಿಟ್ಟ ಮೇಲೆ ಕೋಟೆಗೋಡೆಯ ಮುಂದೆ ನಿಲ್ಲಿ.

ಪ್ರಶ್ನೆ: ಶಹಾಪುರದ ಮಲಗಿದ ಬುದ್ಧನ ಬೆಟ್ಟವೂ ಜ್ವಾಲಾಮುಖಿಯದೇ?
– ಓದುಗರು, ಯಾದಗಿರಿ

ಉತ್ತರ: ಅಲ್ಲ. ಅದು ನೆಲದಾಳದಲ್ಲೇ ತಣ್ಣಗಾದ ಗ್ರಾನೈಟ್, ದಖನ್ನಿನ ಲಾವಾಕ್ಕಿಂತ ಎಷ್ಟೋ ಹಳೆಯದು. ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅದೂ ನೆಲದ ಬಿರುಕುಗಳಿಂದ. ಹಾಗಾಗಿ ಬೀದರಿನಲ್ಲೂ ಶಂಕುವಿನಾಕಾರದ ಬೆಟ್ಟ ಹುಡುಕಬೇಡಿ. ಅಲ್ಲಿನ ಕೆಂಪು, ಆ ಲಾವಾ ಗಟ್ಟಿಯಾದ ಕರಿಕಲ್ಲೇ ಮಳೆ ಬಿಸಿಲಿಗೆ ಸವೆದು ಕಬ್ಬಿಣ ಉಳಿದ ಪದರ. ಶಹಾಪುರದಲ್ಲಿ ಬಣ್ಣಕ್ಕಿಂತ ಆಕಾರ ಮುಖ್ಯ, ಬೆಳಕು ಓರೆಯಾಗಿ ಬೀಳುವ ಹೊತ್ತು ನೋಡಿ ತೆಗೆಯಿರಿ.

ಪ್ರಶ್ನೆ: ಮೊಬೈಲ್‌ನಲ್ಲಿ ಇದೆಲ್ಲ ಆಗುತ್ತದೆಯೇ?
– ಓದುಗರು, ಚಿಂಚೋಳಿ

ಉತ್ತರ: ಮುಕ್ಕಾಲು ಪಾಲು ಆಗುತ್ತದೆ. ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ 5300ಕ್ಕೆ ಇಡಿ, ಕಲ್ಲಿನ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಇಳಿಸಿ. ಪೋಲರೈಸರ್ ಇಲ್ಲವೆಂದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಲೆನ್ಸ್ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ, ಹೊಳಪು ಸಾಯುವ ಜಾಗದಲ್ಲಿ ನಿಲ್ಲಿಸಿ. ಗ್ಲಾಸಿಗೆ ಕಂದು ಛಾಯೆ ಇದ್ದರೆ ಫೋಟೊಕ್ಕೂ ಅದೇ ಬರುತ್ತದೆ. ಬೂದು ಬಣ್ಣದ್ದೇ ಆಗಬೇಕು.