ಕಲ್ಲಿಗೆ ಆಲ್ ಟೆರೇನ್, ಹಸಿ ಎರೆಗೆ ಯಾವುದೂ ಅಲ್ಲ

ಓದುಗರ ಪ್ರಶ್ನೆ, ವಾಹನ ವಿಭಾಗದ ಉತ್ತರ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದಿರುವ ಪತ್ರಗಳಲ್ಲಿ ಟೈರಿನ ಪ್ರಶ್ನೆಗಳೇ ಹೆಚ್ಚಾಗಿರುವುದರಿಂದ, ಈ ಸಂಚಿಕೆಯಲ್ಲಿ ಅವುಗಳನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕು. ತೊಗರಿ ಹೊಲಕ್ಕೆ ಹೋಗಿಬರಲು ಮತ್ತು ವಾರಕ್ಕೆರಡು ಸಲ ಕಲಬುರಗಿಗೆ ಓಡಾಡಲು ಬೊಲೆರೊ ಇಟ್ಟುಕೊಂಡಿದ್ದೇನೆ. ಕಂಪನಿ ಟೈರುಗಳು ಬೋಳಾಗಿವೆ. ಆಲ್ ಟೆರೇನ್ ಹಾಕಿಸಿದರೆ ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಗಾಡಿ ಸಿಗಿಬೀಳುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಮಳೆ ಬಿದ್ದ ಎರೆಯ, ಎಂದರೆ ಕಪ್ಪು ಮಣ್ಣಿನ, ಮಟ್ಟಿಗೆ ಆ ಮಾತನ್ನು ನಂಬಬೇಡಿ. ಆದರೆ ನಿಮ್ಮ ತಾಲ್ಲೂಕಿನ ಕಲ್ಲಿನ ಕಾರಣಕ್ಕೆ ಆಲ್ ಟೆರೇನ್, ಎಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವಂತೆ ಮಾಡಿದ ಟೈರು, ನಿಮಗೆ ಬೇಕಾಗಬಹುದು. ಇವೆರಡು ಬೇರೆ ಬೇರೆ ವಿಷಯಗಳು.

ಎರೆ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ಮಣ್ಣು, ಒಂದು ಹದ ಮಳೆಯಾದ ಮೇಲೆ ಅಂಟಾಗಿ ಗಾಲಿಗೆ ಸುತ್ತಿಕೊಳ್ಳುತ್ತದೆ. ಅಂಥ ದಾರಿಯಲ್ಲಿ ಗಾಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟ್ರೆಡ್ಡಿನ (ನೆಲಕ್ಕೆ ತಾಗುವ ಮೈಯ) ಕಾಲುವೆಗಳೆಲ್ಲ ತುಂಬಿ, ಟೈರು ಒಂದು ನುಣುಪಾದ ಕರಿ ಉರುಳೆಯಾಗಿ ನಿಲ್ಲುತ್ತದೆ. ನೀವು ಕೊಟ್ಟ ಹಣವೆಲ್ಲ ಆ ಮಣ್ಣಿನ ಕೆಳಗೆ ಹೂತಿರುತ್ತದೆ. ಇನ್ನೂ ಆಕ್ಸಿಲರೇಟರ್ ತುಳಿದರೆ ಮಣ್ಣು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತು ಗಾಲಿಯನ್ನೇ ಹಿಡಿದುಬಿಡುತ್ತದೆ. ಆಮೇಲೆ ಕಟ್ಟಿಗೆಯಿಂದಲೋ ಹಾರೆಯಿಂದಲೋ ಕೆತ್ತಿ ತೆಗೆಯದೆ ಬೇರೆ ದಾರಿಯಿಲ್ಲ. ಮಡ್ ಟೆರೇನ್ ಎಂಬ ಇನ್ನೊಂದು ಬಗೆಯ ಟೈರಿನಲ್ಲಿ ರಬ್ಬರಿನ ಗಡ್ಡೆಗಳ ನಡುವೆ ಹೆಚ್ಚು ಅಂತರವಿದ್ದು, ಗಾಲಿ ಜೋರಾಗಿ ತಿರುಗಿದಾಗ ಮಣ್ಣು ಸಿಡಿದು ಹೋಗುವಂತೆ ಮಾಡಿರುತ್ತಾರೆ. ಆದರೆ ಅದಕ್ಕೂ ನಾಲ್ಕು ಗಾಲಿಗಳಿಗೆ ಎಳೆತವಿರುವ ಗಾಡಿ ಬೇಕು. ನಿಮ್ಮ ಬೊಲೆರೊದಲ್ಲಿ ಎಳೆಯುವುದು ಹಿಂದಿನ ಎರಡೇ ಗಾಲಿಗಳು. ಹಸಿ ಎರೆಯಲ್ಲಿ ಗಾಡಿಯನ್ನು ಡಾಂಬರು ರಸ್ತೆಯ ಪಕ್ಕದಲ್ಲೇ ಬಿಟ್ಟು ನಡೆದು ಹೋಗುವವರೇ ಜಾಣರು.

ಈಗ ಕಲ್ಲಿನ ವಿಷಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ನೆಲದಡಿ ಇರುವುದು ಪದರು ಪದರಾದ ಸುಣ್ಣದ ಕಲ್ಲು. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ, ಮನೆಮನೆಗೆ ಶಹಾಬಾದ್ ಫರಸಿ ಹಾಸಿದ್ದೂ ಅದರಿಂದಲೇ. ಈ ಕಲ್ಲು ಒಡೆದಾಗ ಗುಂಡಗಾಗುವುದಿಲ್ಲ, ಚೂಪು ಅಂಚಿನ ಚಕ್ಕೆಯಾಗುತ್ತದೆ. ಹೊಲದ ದಾರಿಗೆ ಗಣಿಯ ಪುಡಿಗಲ್ಲು ಸುರಿದಿದ್ದರೆ ಆ ಚಕ್ಕೆಗಳು ಟೈರಿನ ಭುಜವನ್ನೂ ಪಕ್ಕದ ಗೋಡೆಯನ್ನೂ ಸೀಳುತ್ತವೆ. ಕಂಪನಿಯಿಂದ ಬರುವ ಹೈವೇ ಟೆರೇನ್ ಟೈರಿನ ಕಾಲುವೆ ಕಡಿಮೆ ಆಳದ್ದು, ಗಡ್ಡೆಗಳು ಒತ್ತೊತ್ತಾಗಿರುತ್ತವೆ, ಪಕ್ಕದ ಗೋಡೆ ತೆಳು. ಡಾಂಬರಿನ ಮೇಲೆ ಅದು ಸದ್ದಿಲ್ಲದೆ ಓಡುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಡೀಸೆಲ್ ಉಳಿಸುತ್ತದೆ. ಆಲ್ ಟೆರೇನ್ ಟೈರಿನಲ್ಲಿ ಕಾಲುವೆ ಆಳವಾಗಿದ್ದು, ರಬ್ಬರು ಕಲ್ಲಿಗೆ ತುಂಡು ತುಂಡಾಗಿ ಕಿತ್ತುಬರದಂತೆ ಬೆರೆಸಿರುತ್ತಾರೆ. ಭುಜದ ಗಡ್ಡೆಗಳು ಪಕ್ಕದ ಗೋಡೆಯ ಮೇಲೂ ಸ್ವಲ್ಪ ಇಳಿದು ಬಂದು ಅದಕ್ಕೆ ರಕ್ಷೆಯಾಗುತ್ತವೆ. ಇದಕ್ಕೆ ತೆರಬೇಕಾದದ್ದು ಸ್ವಲ್ಪ ಸದ್ದು, ಸ್ವಲ್ಪ ಡೀಸೆಲ್, ಒದ್ದೆ ಡಾಂಬರಿನ ಮೇಲೆ ಸ್ವಲ್ಪ ಹೆಚ್ಚು ಬ್ರೇಕ್ ದೂರ.

ಆದ್ದರಿಂದ ನಿಮ್ಮ ಹೊಲದ ದಾರಿ ಕಲ್ಲು ಸುರಿದದ್ದಾಗಿದ್ದರೆ ಆಲ್ ಟೆರೇನ್ ಹಾಕಿಸಿ. ಬರೀ ಎರೆ ದಾರಿಯಾಗಿದ್ದರೆ ಹೈವೇ ಟೆರೇನ್ ಟೈರನ್ನೇ ಮತ್ತೆ ಹಾಕಿಸಿ, ಉಳಿದ ಹಣವನ್ನು ಜೇಬಿನಲ್ಲಿಟ್ಟುಕೊಳ್ಳಿ. ಬದುವಿನ ಜಾಲಿ ಮುಳ್ಳಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು: ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಚುಚ್ಚಿದ್ದು ಕಂಡರೆ ಅಲ್ಲೇ ಕೀಳಬೇಡಿ. ಅದು ಒಳಗಿದ್ದಷ್ಟು ಹೊತ್ತು ಹವಾ ನಿಧಾನಕ್ಕೆ ಇಳಿಯುತ್ತದೆ, ಪಂಕ್ಚರ್ ಅಂಗಡಿಯವರೆಗೆ ಗಾಡಿ ತಲುಪುತ್ತದೆ.

ಪ್ರಶ್ನೆ: ಭಾಲ್ಕಿಯಿಂದ ಬರೆಯುತ್ತಿದ್ದೇನೆ. ನಾಲ್ಕು ಗಾಲಿ ಎಳೆತದ ಎಸ್‌ಯುವಿ ಇದೆ. ಬಗೆಬಗೆಯ ಕಂಪನಿಗಳ ಆಲ್ ಟೆರೇನ್ ಟೈರುಗಳಲ್ಲಿ ಯಾವುದು ಒಳ್ಳೆಯದು? ಒಂದು ಹೆಸರು ಹೇಳಿಬಿಡಿ.

ಉತ್ತರ: ಒಂದೇ ಹೆಸರು ಹೇಳಿ ಮುಗಿಸುವುದು ಸುಲಭ, ಆದರೆ ಅದರಿಂದ ನಿಮಗೆ ಪ್ರಯೋಜನವಾಗುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಅಪೊಲೊದ ಆಪ್ಟೆರಾ, ಸಿಯೆಟ್‌ನ ಝಾರ್, ಜೆಕೆಯ ರೇಂಜರ್, ಎಂಆರ್‌ಎಫ್‌ನ ವಾಂಡರರ್, ಯೊಕೊಹಾಮಾದ ಜಿಯೊಲ್ಯಾಂಡರ್ ಹೆಸರುಗಳು ಕೇಳಿಬರುತ್ತವೆ. ಇಲ್ಲಿ ಮೊದಲು ಗಮನಿಸಬೇಕಾದದ್ದು, ಆಪ್ಟೆರಾ, ರೇಂಜರ್, ಜಿಯೊಲ್ಯಾಂಡರ್ ಎಂಬುವು ಒಂದೊಂದು ಟೈರಿನ ಹೆಸರಲ್ಲ, ಒಂದೊಂದು ಸಾಲಿನ ಹೆಸರು. ಒಂದೇ ಸಾಲಿನಲ್ಲಿ ಎಚ್‌ಟಿ (ಹೈವೇ ಟೆರೇನ್) ಕೂಡ ಇರುತ್ತದೆ, ಎಟಿ (ಆಲ್ ಟೆರೇನ್) ಕೂಡ ಇರುತ್ತದೆ. ಹೆಸರು ಕೇಳಿ ಹಣ ಕೊಟ್ಟು, ಮನೆಗೆ ಬಂದು ನೋಡಿದರೆ ಎಚ್‌ಟಿ ಎಂದಿರುವ ಸಂದರ್ಭಗಳು ಉಂಟು. ಕೊನೆಯ ಎರಡು ಅಕ್ಷರಗಳನ್ನು ಅಂಗಡಿಯಲ್ಲೇ ಓದಿಕೊಳ್ಳಿ. ಈ ಬಗೆಗೆ ಹೆಸರು ತಂದುಕೊಟ್ಟ ಬಿಎಫ್ ಗುಡ್ರಿಚ್ ಕಂಪನಿಯ ರೇಡಿಯಲ್ ಆಲ್ ಟೆರೇನ್ ಅಮೆರಿಕದಲ್ಲಿ 1976ರಲ್ಲಿ ಬಂದದ್ದು. ಇಂದಿಗೂ ಕಲ್ಲುನೆಲದಲ್ಲಿ ಓಡಾಡುವವರು ಬೇರೆ ಟೈರುಗಳನ್ನು ಅದರೊಂದಿಗೆ ಹೋಲಿಸುತ್ತಾರೆ. ಅದು ದುಬಾರಿ, ಭಾರವೂ ಹೆಚ್ಚು. ವಾರಪೂರ್ತಿ ಭಾಲ್ಕಿ, ಬೀದರ್, ಹುಮನಾಬಾದ್ ಎಂದು ಡಾಂಬರಿನ ಮೇಲೇ ಓಡುವ ಗಾಡಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಹೋಲಿಸುವಾಗ ಟೈರಿನ ಪಕ್ಕದ ಗೋಡೆಯ ಮೇಲಿನ ಬರಹವನ್ನು ಓದಬೇಕು. ಅಳತೆಯ ನಂತರ ಬರುವ ಅಂಕಿ, ಒಂದು ಟೈರು ಹೊರಬಹುದಾದ ಭಾರವನ್ನು ಹೇಳುತ್ತದೆ: 100 ಎಂದರೆ 800 ಕೆ.ಜಿ., 105 ಎಂದರೆ 925 ಕೆ.ಜಿ., 112 ಎಂದರೆ 1120 ಕೆ.ಜಿ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಅದರ ಮುಂದಿನ ಅಕ್ಷರ ವೇಗದ ಮಿತಿ; ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಸ್ ಎಂದರೆ 180, ಟಿ ಎಂದರೆ 190. ಅಳತೆಯ ಅಂಕಿಗಳಿಗೆ ಮೊದಲೇ ಎಲ್‌ಟಿ ಎಂದಿದ್ದರೆ ಅದು ಲಘು ಟ್ರಕ್ಕಿಗೆಂದು ಗಟ್ಟಿಯಾಗಿ ಕಟ್ಟಿದ ಟೈರು. ಕಲ್ಲಿಗೆ ಅದು ಜಗ್ಗುವುದಿಲ್ಲ, ಆದರೆ ಅದೇ ಭಾರ ಹೊರಲು ಸಾಮಾನ್ಯ ಟೈರಿಗಿಂತ ಹೆಚ್ಚು ಹವಾ ಕೇಳುತ್ತದೆ. ಖಾಲಿ ಗಾಡಿಯಲ್ಲಿ ಕೂತವರ ಸೊಂಟಕ್ಕೆ ಪೆಟ್ಟು ಕೊಡುತ್ತದೆ.

ಆಮೇಲೆ ಟೈರನ್ನು ಬೆಳಕಿಗೆ ಹಿಡಿದು ಗಡ್ಡೆಗಳ ನಡುವಿನ ಕಾಲುವೆಯ ತಳ ನೋಡಿ. ಅಲ್ಲಿ ರಬ್ಬರಿನ ಸಣ್ಣ ದಿಂಡುಗಳು ಎದ್ದಿದ್ದರೆ, ಸಿಕ್ಕಿಕೊಂಡ ಖಡಿಯನ್ನು ಅವು ಹೊರಕ್ಕೆ ತಳ್ಳುತ್ತವೆ. ಇಲ್ಲದಿದ್ದರೆ ಆ ಖಡಿ ಓಡುತ್ತಾ ಓಡುತ್ತಾ ಒಳಕ್ಕೆ ಕೊರೆದು ತಂತಿಯವರೆಗೆ ಇಳಿಯುತ್ತದೆ. ಬೀದರಿನ ಕೆಂಪು ಮುರಕಲ್ಲಿನ ದಾರಿಗಳಲ್ಲಿ ಸಣ್ಣ ಗರಸೇ ಹೆಚ್ಚಾಗಿರುವುದರಿಂದ ನಿಮಗೆ ಈ ದಿಂಡುಗಳು ಮುಖ್ಯ. ಗಡ್ಡೆಗಳ ಮೇಲೆ ಬ್ಲೇಡಿನಿಂದ ಗೀರಿದಂತೆ ಸಣ್ಣ ಸೀಳುಗಳು ಎಷ್ಟಿವೆ ಎಂಬುದನ್ನೂ ನೋಡಿ. ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದು ಅವೇ.

ಎಂ+ಎಸ್ (ಕೆಸರು ಮತ್ತು ಹಿಮ) ಅಕ್ಷರಗಳನ್ನೂ, ಮೂರು ಶಿಖರದ ಬೆಟ್ಟದೊಳಗಿನ ಹಿಮದ ಹರಳಿನ ಚಿತ್ರವನ್ನೂ ತೋರಿಸಿ ಹೆಚ್ಚು ಬೆಲೆ ಕೇಳುವವರಿದ್ದಾರೆ. ಮೊದಲನೆಯದು ಟ್ರೆಡ್ಡಿನ ಆಕಾರ ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು. ಎರಡನೆಯದಕ್ಕೆ ಹಿಮದ ಮೇಲೆ ನಿಜವಾದ ಪರೀಕ್ಷೆಯಿದೆ, ಆದರೆ ಭಾಲ್ಕಿಯಲ್ಲಿ ಹಿಮ ಬಿದ್ದ ದಿನ ಅದರ ವಿಚಾರ ಮಾಡಿದರಾಯಿತು.

ಪ್ರಶ್ನೆ: ಸುರಪುರದವನು. ನನ್ನ ಗಾಡಿಗೆ 215/75 ಆರ್15 ಟೈರಿದೆ. ಬಂಡೆಗಲ್ಲಿನ ದಾರಿಯಲ್ಲಿ ಕೆಳಗೆ ತಾಗುತ್ತದೆ. 235/75 ಆರ್15 ಹಾಕಿಸಿದರೆ ಗಾಡಿ ಎಷ್ಟು ಮೇಲೇಳುತ್ತದೆ?

ಉತ್ತರ: ನೀವು ಎಣಿಸಿದಷ್ಟು ಏಳುವುದಿಲ್ಲ. ಮೊದಲಿನ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲಕ್ಕೆ ಪಕ್ಕದ ಗೋಡೆಯ ಎತ್ತರ ಶೇಕಡಾ ಎಷ್ಟು ಎಂಬುದು. ಕೊನೆಯದು ಟೈರು ಕೂರುವ ಡಿಸ್ಕಿನ (ರಿಮ್ಮಿನ) ಅಡ್ಡಳತೆ ಇಂಚಿನಲ್ಲಿ. ಈ ಲೆಕ್ಕದಲ್ಲಿ ನಿಮ್ಮ ಈಗಿನ ಟೈರಿನ ಒಟ್ಟು ಎತ್ತರ ಸುಮಾರು 703 ಮಿ.ಮೀ., ಹೊಸದರದ್ದು ಸುಮಾರು 733. ವ್ಯತ್ಯಾಸ 30 ಮಿ.ಮೀ. ಇದ್ದರೂ ಅದರಲ್ಲಿ ಅರ್ಧ ಮಾತ್ರ ಅಚ್ಚಿನ ಕೆಳಗೆ ಬರುತ್ತದೆ. ಎಂದರೆ ನಿಮಗೆ ಸಿಗುವುದು ಒಂದೂವರೆ ಸೆಂಟಿಮೀಟರು.

ಅದಕ್ಕಾಗಿ ಕಳೆದುಕೊಳ್ಳುವುದು ಹೆಚ್ಚು. ಸ್ಪೀಡೋಮೀಟರು ತೋರಿಸುವುದಕ್ಕಿಂತ ಗಾಡಿ ಶೇಕಡಾ 4ರಷ್ಟು ವೇಗವಾಗಿ ಓಡುತ್ತಿರುತ್ತದೆ. ಗೇರಿನ ಎಳೆತ ಅಷ್ಟೇ ಕುಗ್ಗುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ತಗ್ಗಿಗಿಳಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯ ಹೊತ್ತಿನ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, ಅಪಘಾತವಾದಾಗ ವಿಮೆಯವರ ಕಣ್ಣು ಮೊದಲು ಬೀಳುವುದೂ ಇಂಥ ಕಡೆಗೇ. ನಿಮ್ಮ ಗಾಡಿಗೆ ಕಂಪನಿಯೇ ಸೂಚಿಸಿರುವ ಅಳತೆಯಲ್ಲಿ ಆಲ್ ಟೆರೇನ್ ಹಾಕಿಸಿ, ಬಂಡೆಯ ಮೇಲೆ ಗಾಲಿಯನ್ನೇ ಹತ್ತಿಸಿ ಹೋಗುವುದನ್ನು ರೂಢಿ ಮಾಡಿಕೊಳ್ಳಿ. ಬಂಡೆಯನ್ನು ಎರಡು ಗಾಲಿಗಳ ನಡುವೆ ಬಿಟ್ಟು ದಾಟಲು ಹೋಗುವುದರಿಂದಲೇ ಅಡಿಭಾಗ ತಾಗುತ್ತದೆ.

ಪ್ರಶ್ನೆ: ಶಹಾಬಾದ್ ಹತ್ತಿರ ಗಣಿಯಿಂದ ಕಲ್ಲು ಸಾಗಿಸುವ ಟಿಪ್ಪರು ನಮ್ಮದು. ಲಾರಿಗೂ ಆಲ್ ಟೆರೇನ್ ಟೈರು ಬರುತ್ತದೆಯೇ? ಹಿಂದಿನ ಟೈರುಗಳು ಪಕ್ಕದಲ್ಲಿ ಒಡೆಯುತ್ತಿವೆ.

ಉತ್ತರ: ಲಾರಿ ಟೈರಿನಲ್ಲಿ ಆ ಹೆಸರು ಅಷ್ಟು ಚಾಲ್ತಿಯಲ್ಲಿಲ್ಲ, ಆದರೆ ಅದೇ ಕೆಲಸದ ಟೈರುಗಳಿವೆ. 10.00 ಆರ್20 ಮುಂತಾದ ಅಳತೆಗಳಲ್ಲಿ ಉದ್ದ ಗೆರೆಗಳ ರಿಬ್, ಅಡ್ಡ ಗಡ್ಡೆಗಳ ಲಗ್, ಎರಡನ್ನೂ ಬೆರೆಸಿದ ಮಿಶ್ರ ಬಳಕೆಯ ವಿನ್ಯಾಸ ಎಂದು ಮೂರು ಬಗೆ ಸಿಗುತ್ತವೆ. ರಿಬ್ ಮುಂದಿನ ಗಾಲಿಗೆ ಸ್ಟಿಯರಿಂಗಿನ ಹಿಡಿತ ಕೊಡುತ್ತದೆ. ಲಗ್ ಹಿಂದೆ ಎಳೆಯಲು ಸರಿ. ಗಣಿಯೊಳಗೇ ದಿನ ಕಳೆಯುವ ಟಿಪ್ಪರಿಗೆ ಹಿಂದೆ ಆಳವಾದ ಲಗ್ ಬೇಕು. ಗಣಿಯಿಂದ ಹೊರಟು ಹೆದ್ದಾರಿಯಲ್ಲಿ ದೂರ ಹೋಗುವ ಲಾರಿಗೆ ಮಿಶ್ರ ಬಳಕೆಯದೇ ಲೇಸು. ಆಳವಾದ ಲಗ್ ಟೈರು ಭಾರ ಹೊತ್ತು ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡಿದರೆ, ದಪ್ಪ ರಬ್ಬರಿನೊಳಗಿನ ಶಾಖ ಹೊರಬರದೆ ಪದರು ಬಿಡುತ್ತದೆ.

ನಿಮ್ಮ ಟೈರು ಪಕ್ಕದಲ್ಲಿ ಒಡೆಯುತ್ತಿರುವುದಕ್ಕೆ ಬೇರೆ ಕಾರಣವಿರಬಹುದು. ಹಿಂದಿನ ಜೋಡಿ ಗಾಲಿಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಗಣಿಯಿಂದ ಹೊರಬರುವ ಮೊದಲು ಪ್ರತಿ ಸಲವೂ ಇಳಿದು ನೋಡಬೇಕು. ಆ ಕಲ್ಲು ಎರಡೂ ಟೈರುಗಳ ಗೋಡೆಯನ್ನು ಒಳಮಗ್ಗುಲಿನಿಂದ ಕೊರೆಯುತ್ತದೆ, ಹೆದ್ದಾರಿಯಲ್ಲಿ ಸಿಡಿದರೆ ಹಿಂದೆ ಬರುವ ಮೋಟಾರ್ ಸೈಕಲ್ಲಿನವನ ಜೀವಕ್ಕೇ ಸಂಚಕಾರ. ಇನ್ನೊಂದು, ಜೋಡಿಯಲ್ಲಿ ಒಳಗಿನ ಟೈರಿನ ಹವಾ ಯಾರೂ ನೋಡುವುದಿಲ್ಲ. ಅದರಲ್ಲಿ ಹವಾ ಇಳಿದಿದ್ದರೆ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು ಅದು ಒಡೆಯುತ್ತದೆ. ಹೊಸ ಟೈರಿನ ಪಕ್ಕ ಸವೆದ ಟೈರು ಜೋಡಿಸಿದರೂ ಇದೇ ಗತಿ. ರಿಸೋಲ್ ಮಾಡಿದ (ಸವೆದ ಮೇಲೆ ಹೊಸ ಟ್ರೆಡ್ ಕೂರಿಸಿದ) ಟೈರನ್ನು ಹಿಂದೆ ಹಾಕುವುದಕ್ಕೆ ಅಡ್ಡಿಯಿಲ್ಲ, ಮುಂದಿನ ಗಾಲಿಗೆ ಮಾತ್ರ ಬೇಡ.

ಪ್ರಶ್ನೆ: ಕಲಬುರಗಿಯ ಬೇಸಿಗೆಯಲ್ಲಿ ಟೈರು ಸಿಡಿಯದಿರಲು ಹವಾ ಕಡಿಮೆ ಇಡಬೇಕು ಎನ್ನುತ್ತಾರೆ. ಸರಿಯೇ?

ಉತ್ತರ: ತಪ್ಪು, ಮತ್ತು ಅಪಾಯಕರ. ಹವಾ ಕಡಿಮೆಯಾದಷ್ಟೂ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ತಾನೇ ಕಾಯುತ್ತದೆ. 42 ಡಿಗ್ರಿಯ ಮಧ್ಯಾಹ್ನ ಕಾಂಕ್ರೀಟ್ ರಸ್ತೆಯ ಮೇಲೆ ಆ ಶಾಖವೇ ಟೈರನ್ನು ಒಡೆಯುತ್ತದೆ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಹವಾವನ್ನು ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ತುಂಬಿಸಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದ ಟೈರು ಓಡಿ 60 ಡಿಗ್ರಿಗೆ ಕಾದರೆ 37ರ ಸುಮಾರು ತೋರಿಸುತ್ತದೆ. ಇದು ಸಹಜವಾದ ಏರಿಕೆ, ತಯಾರಕರು ಲೆಕ್ಕಕ್ಕೆ ಹಿಡಿದದ್ದೇ. ಅದನ್ನು ಕಂಡು ಹೆದರಿ ಹವಾ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರು ಬಡಕಲಾಗಿರುತ್ತದೆ. ಭೀಮಾ ತೀರದ ಮರಳಿನಲ್ಲಿ ಗಾಡಿ ಹೂತಾಗ 20 ಪಿಎಸ್‌ಐವರೆಗೆ ಇಳಿಸಿ ನಿಧಾನವಾಗಿ ದಾಟುವುದು ಬೇರೆ ಮಾತು. ಅಲ್ಲಿಂದ ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಲು ಪಂಪು ಗಾಡಿಯಲ್ಲೇ ಇರಬೇಕು.

ಪ್ರಶ್ನೆ: ಯಾದಗಿರಿಯ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ಹೊಸ ಟೈರು ಕೊಡುತ್ತಾರೆ. ಕೊಳ್ಳಬಹುದೇ?

ಉತ್ತರ: ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 1422 ಎಂದಿದ್ದರೆ 2022ರ 14ನೇ ವಾರದಲ್ಲಿ ತಯಾರಾದದ್ದು. ಬಳಸದಿದ್ದರೂ ರಬ್ಬರು ಒಣಗುತ್ತದೆ. ತಗಡಿನ ಗೋದಾಮಿನ ಬಿಸಿಗೆ ಇನ್ನೂ ಬೇಗ. ಎರಡು ವರ್ಷ ದಾಟಿದ್ದನ್ನು ನಾನಾದರೆ ಕೊಳ್ಳುವುದಿಲ್ಲ.

ಪ್ರಶ್ನೆ: ಥಾರ್‌ಗೆ ಸದ್ಯಕ್ಕೆ ಎರಡೇ ಆಲ್ ಟೆರೇನ್ ಟೈರು ಕೊಳ್ಳುವಷ್ಟು ಹಣವಿದೆ. ಮುಂದೆ ಹಾಕಲೇ, ಹಿಂದೆ ಹಾಕಲೇ? (ಚಿಂಚೋಳಿಯಿಂದ)

ಉತ್ತರ: ನಿಮ್ಮದು ನಾಲ್ಕು ಗಾಲಿ ಎಳೆತದ ಥಾರ್ ಆಗಿದ್ದರೆ ಎಲ್ಲೂ ಹಾಕಬೇಡಿ, ನಾಲ್ಕಕ್ಕೂ ಹಣ ಕೂಡಿಸಿ. ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆ ಬೇರೆಯಾದರೆ, ನಾಲ್ಕು ಗಾಲಿ ಎಳೆತ ಹಾಕಿದಾಗ ಎರಡು ಅಚ್ಚುಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಹೊರಟು ಎರಡಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಒತ್ತಡ ಬೀಳುತ್ತದೆ. ಅದರ ರಿಪೇರಿಯ ಖರ್ಚು ಎರಡು ಟೈರಿನ ಬೆಲೆಯನ್ನು ಎಲ್ಲೋ ದಾಟುತ್ತದೆ. ಹಿಂದಿನ ಗಾಲಿ ಮಾತ್ರ ಎಳೆಯುವ ಮಾದರಿಯಾದರೆ ಹಿಂದೆ ಹಾಕಿಸಿ, ಮುಂದಿನವುಗಳ ಟ್ರೆಡ್ಡಿನ ಆಳ 1.6 ಮಿ.ಮೀ. ಸವೆತದ ಗುರುತಿಗೆ ಇಳಿಯುವ ಮೊದಲೇ ಅವನ್ನೂ ಬದಲಿಸಿ. ಸ್ಟೆಪ್ನಿಯೂ ಅದೇ ಅಳತೆಯದಿರಲಿ.