ಮುಪ್ಪು ತಡೆಯುವ ಇಂಜೆಕ್ಷನ್ ಇದೆಯೇ?

ಪ್ರಶ್ನೆ: ಮಿದುಳಿನ ಹೈಪೊಥಲಾಮಸ್ ಮುಪ್ಪಿನ ವೇಗ ನಿರ್ಧರಿಸುತ್ತದೆ, ಅದರ ಜಿಎನ್‌ಆರ್‌ಎಚ್ (ಲೈಂಗಿಕ ಹಾರ್ಮೋನುಗಳ ಉತ್ಪಾದನೆಗೆ ಸೂಚನೆ ಕೊಡುವ) ಹಾರ್ಮೋನು ಚುಚ್ಚಿಸಿಕೊಂಡರೆ ಮುಪ್ಪು ನಿಧಾನವಾಗುತ್ತದೆ ಎಂದು ಓದಿದೆ. ನನಗೆ 58. ತೆಗೆದುಕೊಳ್ಳಬಹುದೇ? – ಓದುಗರು, ದಾವಣಗೆರೆ

ಉತ್ತರ: ಬೇಡ. ನೀವು ಓದಿರುವುದು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಡಾಂಗ್‌ಶೆಂಗ್ ಕಾಯ್ ತಂಡ ಇಲಿಗಳ ಮೇಲೆ ನಡೆಸಿದ ಪ್ರಯೋಗ. ವಯಸ್ಸಾದಂತೆ ಹೈಪೊಥಲಾಮಸ್‌ನ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳು ಕೆರಳಿ ಉರಿಯೂತ ಹಬ್ಬುತ್ತದೆ, ಜಿಎನ್‌ಆರ್‌ಎಚ್ ಇಳಿಯುತ್ತದೆ ಎಂದು 2013ರಲ್ಲಿ ಈ ತಂಡ ತೋರಿಸಿತು. ಉರಿಯೂತ ತಡೆದ ಇಲಿಗಳು ಹೆಚ್ಚು ಕಾಲ ಬದುಕಿದವು. ಮುದಿ ಇಲಿಗಳಿಗೆ ಹಾರ್ಮೋನು ಕೊಟ್ಟಾಗ ಮುಪ್ಪಿನ ಲಕ್ಷಣ ತಗ್ಗಿದವು. 2017ರ ಪ್ರಯೋಗ ಇನ್ನೂ ಸ್ವಾರಸ್ಯಕರ. ಇಲಿಯ ಹೈಪೊಥಲಾಮಸ್‌ನಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳು ಸುಮಾರು 10 ತಿಂಗಳಿಗೇ ಕರಗತೊಡಗಿ, ಎರಡು ವರ್ಷದ ಹೊತ್ತಿಗೆ ಬಹುತೇಕ ಖಾಲಿಯಾಗುತ್ತವೆ. ಉರಿಯೂತ ತಾಳಿಕೊಳ್ಳುವಂತೆ ಮಾರ್ಪಡಿಸಿದ ಹೊಸ ಕೋಶ ನೆಟ್ಟಾಗ ಆಯಸ್ಸು ಶೇ. 10ರಿಂದ 15ರಷ್ಟು ಹೆಚ್ಚಿತು.

ಮನುಷ್ಯರಿಗೆ ಇದನ್ನು ಹಾಗೇ ಅನ್ವಯಿಸಲಾಗದು. ನಮ್ಮ ಹೈಪೊಥಲಾಮಸ್ ಜಿಎನ್‌ಆರ್‌ಎಚ್ ಅನ್ನು ಒಂದೆರಡು ಗಂಟೆಗೊಮ್ಮೆ ಚಿಮ್ಮಿಸುತ್ತದೆ, ಆ ಲಯದಲ್ಲೇ ಅದರ ಕೆಲಸ. ಔಷಧಿ ಅಂಗಡಿಯಲ್ಲಿ ಸಿಗುವ ಲ್ಯೂಪ್ರೊಲೈಡ್ ಇದೇ ಜಾತಿಯದು, ಆದರೆ ತಿಂಗಳಿಗೊಂದು ಡೋಸ್ ಒಂದೇ ಸಮನೆ ಒಸರುತ್ತಿರುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಈ ಸಂಕೇತ ಹಿಡಿಯುವ ಗ್ರಾಹಕಗಳು ಮೊದಲು ಕೆರಳಿ, ಆಮೇಲೆ ಮಂಕಾಗುತ್ತವೆ. ಮೂರ್ನಾಲ್ಕು ವಾರದಲ್ಲಿ ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ನೆಲ ಕಚ್ಚುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಅದನ್ನು ಕೊಡುವುದೇ ಅದಕ್ಕಾಗಿ. ಮೂಳೆ ಸವೆತ, ಸ್ನಾಯು ಕ್ಷಯ, ಮೈ ಬಿಸಿಯೇರುವುದು ಅಡ್ಡಪರಿಣಾಮಗಳು. ಮುಪ್ಪು ತಡೆಯಲು ಹೋಗಿ ಮುಪ್ಪನ್ನೇ ಕರೆದು ತಂದಂತಾದೀತು!

ಪ್ರಶ್ನೆ: 76 ವರ್ಷದ ಅಮ್ಮ ಬಾಯಾರಿಕೆಯೇ ಇಲ್ಲವೆಂದು ನೀರು ಕುಡಿಯುವುದಿಲ್ಲ. ಒತ್ತಾಯ ಮಾಡಬೇಕೇ? – ಓದುಗರು, ಕಲಬುರಗಿ

ಉತ್ತರ: ಅಮ್ಮ ಹಟ ಮಾಡುತ್ತಿಲ್ಲ. ರಕ್ತದ ಉಪ್ಪಿನಂಶ ಅಳೆದು ಬಾಯಾರಿಕೆ ಹುಟ್ಟಿಸುವ ಹೈಪೊಥಲಾಮಸ್‌ನ ಸಂವೇದನೆಯೇ ವಯಸ್ಸಿಗೆ ಮೊಂಡಾಗುತ್ತದೆ. ಹಾಗಾಗಿ ಬಾಯಾರಿಕೆಗೆ ಕಾಯಬೇಡಿ. ಮಜ್ಜಿಗೆ, ಗಂಜಿ, ಚಹಾ ಸೇರಿ ದಿನಕ್ಕೆ 1.5 ಲೀಟರಿನಷ್ಟು, ಗಂಟೆಗಂಟೆಗೆ ಅರ್ಧ ಲೋಟದಂತೆ ಕೊಡಿ. ನಿಮ್ಮೂರ ಬೇಸಿಗೆಗೆ ಇನ್ನಷ್ಟು ಬೇಕು. ಹೆಚ್ಚಿನ ಪಾಲು ಸಂಜೆಯೊಳಗೆ ಮುಗಿದರೆ ರಾತ್ರಿ ಎದ್ದು ಬೀಳುವ ಭಯ ಕಡಿಮೆ. ಹೃದಯ ವೈಫಲ್ಯ ಅಥವಾ ಕಿಡ್ನಿ ತೊಂದರೆ ಇದ್ದರೆ ಅಳತೆಯನ್ನು ವೈದ್ಯರೇ ಹೇಳಬೇಕು. ಬಿ.ಪಿ.ಗೆ ಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಬರೀ ನೀರು ಸುರಿದರೆ ಸೋಡಿಯಂ ಇಳಿಯುವ ಅಪಾಯವಿದೆ. ಚರ್ಮ ಚಿವುಟಿ ನೋಡುವ ಪರೀಕ್ಷೆ ಈ ವಯಸ್ಸಿನಲ್ಲಿ ನಂಬಲಾಗದು. ಮಾತು ಇದ್ದಕ್ಕಿದ್ದಂತೆ ತಡಬಡಿಸಿದರೆ, ಮಂಪರು ಕವಿದರೆ ಆಗಲೇ ಆಸ್ಪತ್ರೆಗೆ ಕರೆದೊಯ್ದು ರಕ್ತದ ಸೋಡಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ಪಾರ್ಶ್ವವಾಯುವೂ ಹೀಗೇ ಶುರುವಾಗಬಹುದು.