ಹೀಲಿಂಗ್ ಬ್ರಷ್ ಕೆಲಸ ಮಾಡುತ್ತಿಲ್ಲ, ಅಂಚಿನಲ್ಲಿ ಮಸಿ ಬಳಿದ ಹಾಗೆ ಆಗುತ್ತಿದೆ. ಏನು ಮಾಡಲಿ?

ನಿಮ್ಮ ತೊಂದರೆ ನನಗೆ ಅರ್ಥವಾಗಿದ್ದು ಹೀಗೆ. ತಾತನ ಹಳೇ ಕಪ್ಪು ಬಿಳುಪು ಫೋಟೋ ಸ್ಕ್ಯಾನ್ ಮಾಡಿದ್ದೀರಿ. ನಡುವೆ ಮಡಿಕೆ ಬಿದ್ದ ಗೆರೆಯನ್ನು ಫೋಟೋಶಾಪ್‌ನಲ್ಲಿ ತೆಗೆಯುತ್ತಿದ್ದೀರಿ. ಹೊಸ ಲೇಯರ್ (ಫೋಟೋ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥದ್ದು) ಹಾಕಿಕೊಂಡರೆ, ಕಲೆ ಗೆರೆ ಅಳಿಸುವ ಹೀಲಿಂಗ್ ಬ್ರಷ್ ಏನೂ ಮಾಡುತ್ತಿಲ್ಲ. ಫೋಟೋ ಲೇಯರ್ ಮೇಲೇ ಎಳೆದರೆ ಬಿಳಿ ಪೇಟದ ಅಂಚಿಗೆ ಕಪ್ಪು ಮಸಿ ಮೆತ್ತಿಕೊಳ್ಳುತ್ತಿದೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲಾ ಅಂತ ಕೇಳಿದ್ದೀರಿ.

ಬೇಡ. ಆ ಕೆಲಸ ನಾನೊಮ್ಮೆ ಮಾಡಿ ಆಗಿದೆ. ನಮ್ಮದು ಸಣ್ಣ ಸ್ಟುಡಿಯೋ, ಗೋಡೆಗೆ ನೇತು ಹಾಕಿದ್ದ ಹಳೇ ಫೋಟೋಗಳನ್ನು ತಂದು ಸರಿ ಮಾಡಿಕೊಡಿ ಅನ್ನುವವರು ಜಾಸ್ತಿ. ಶುರುವಿನ ದಿನಗಳಲ್ಲಿ ಒಂದು ಸಲ ಬ್ರಷ್ ಪೂರ್ತಿ ಸತ್ತೇ ಹೋಯಿತು. ಎಷ್ಟು ಉಜ್ಜಿದರೂ ಗೆರೆ ಅಲ್ಲಾಡಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಿದೆ, ಸರಿ ಹೋಯಿತು. ದೊಡ್ಡ ರಿಪೇರಿ ಮಾಡಿದೆ ಅಂತ ಬೀಗಿದ್ದೂ ಆಯಿತು. ಮುಂದಿನ ವಾರ ಮತ್ತೆ ಅದೇ ಕಥೆ. ಈ ಸಲ ಜೂಮ್ ಕಡಿಮೆ ಮಾಡಿ ನೋಡಿದರೆ, ಫೋಟೋದ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಸೆಲೆಕ್ಷನ್, ಅಂದರೆ ಆರಿಸಿಟ್ಟ ಜಾಗ, ಉಳಿದುಕೊಂಡಿತ್ತು. ಸೆಲೆಕ್ಷನ್ ಇದ್ದರೆ ಬ್ರಷ್ ಅದರ ಒಳಗೆ ಮಾತ್ರ ನಡೆಯುತ್ತದೆ. ಹಿಂದಿನ ವಾರ ಫೈಲ್ ಮುಚ್ಚಿದಾಗ ಸೆಲೆಕ್ಷನ್ ತಾನಾಗಿ ಹೋಗಿತ್ತು, ಅಷ್ಟೇ. ಹಾಗಾಗಿ ಮೊದಲು ಕಂಟ್ರೋಲ್ ಮತ್ತು ಡಿ ಒತ್ತಿ ಸೆಲೆಕ್ಷನ್ ತೆಗೆದು ನೋಡಿ.

ನಿಮ್ಮ ಖಾಲಿ ಲೇಯರ್ ವಿಷಯ ಬೇರೆ. ಹೀಲಿಂಗ್ ಬ್ರಷ್ ಕೈಗೆ ತೆಗೆದುಕೊಂಡಾಗ ಮೇಲಿನ ಪಟ್ಟಿಯಲ್ಲಿ 'ಸ್ಯಾಂಪಲ್' ಅಂತ ಒಂದು ಆಯ್ಕೆ ಇರುತ್ತದೆ. ಅಲ್ಲಿ 'ಕರೆಂಟ್ ಲೇಯರ್' ಇದ್ದರೆ ಅದು ನೋಡುವುದು ಆ ಖಾಲಿ ಲೇಯರ್ ಒಂದನ್ನೇ. ಖಾಲಿ ಪಾತ್ರೆಗೆ ಸೌಟು ಹಾಕಿದರೆ ಏನು ಬರುತ್ತದೆ? 'ಕರೆಂಟ್ ಅಂಡ್ ಬಿಲೋ' ಮಾಡಿಕೊಳ್ಳಿ. 'ಆಲ್ ಲೇಯರ್ಸ್' ಬೇಡ ಅನ್ನುತ್ತೇನೆ. ಮೇಲೆ ಕರ್ವ್ಸ್ ಥರದ, ಬೆಳಕು ಬಣ್ಣ ತಿದ್ದುವ ಅಡ್ಜಸ್ಟ್‌ಮೆಂಟ್ ಲೇಯರ್ ಇದ್ದರೆ ಅದರ ಪರಿಣಾಮವೂ ಸೇರಿ ನಕಲಾಗುತ್ತದೆ. ಆಮೇಲೆ ಅದರ ಮೇಲೆ ಅದೇ ಕರ್ವ್ಸ್ ಇನ್ನೊಮ್ಮೆ ಕೂರುತ್ತದೆ, ತೇಪೆ ಎದ್ದು ಕಾಣುತ್ತದೆ. ಜಾಗ ತೋರಿಸದೆಯೇ ಕೆಲಸ ಮಾಡುವ ಸ್ಪಾಟ್ ಹೀಲಿಂಗ್ ಬ್ರಷ್‌ನಲ್ಲಿ ಇದೇ ಕೆಲಸಕ್ಕೆ 'ಸ್ಯಾಂಪಲ್ ಆಲ್ ಲೇಯರ್ಸ್' ಅಂತ ಒಂದು ಟಿಕ್ ಇದೆ.

ಈಗ ಮಸಿ. ನಿಜವಾದ ಕಷ್ಟ ಇರುವುದು ಇಲ್ಲೇ, ಮತ್ತೆ ಇದು ಟೂಲಿನ ದೋಷ ಅಲ್ಲ, ಅದರ ಸ್ವಭಾವ. ಕ್ಲೋನ್ ಸ್ಟಾಂಪ್ ಇದ್ದದ್ದನ್ನು ಇದ್ದ ಹಾಗೇ ತಂದು ಅಂಟಿಸುತ್ತದೆ. ಹೀಲಿಂಗ್ ಬ್ರಷ್ ಹಾಗಲ್ಲ. ಆಲ್ಟ್ ಒತ್ತಿ ತೋರಿಸಿದ ಜಾಗದಿಂದ ಟೆಕ್ಸ್ಚರ್, ಅಂದರೆ ಮೇಲ್ಮೈಯ ನೇಯ್ಗೆ, ತರುತ್ತದೆ. ಬಣ್ಣ, ಬೆಳಕನ್ನು ಮಾತ್ರ ನೀವು ಬಳಿದ ಜಾಗದ ಸುತ್ತಲಿನಿಂದ ಎತ್ತಿಕೊಳ್ಳುತ್ತದೆ. ಬಳಿದಾಗ ಬಣ್ಣ ಸುತ್ತಲಿನದಕ್ಕೆ ಹೊಂದಿಕೊಳ್ಳುವುದನ್ನು ನೋಡಿರುತ್ತೀರಿ, ಅಲ್ವಾ? ಅದು ಈ ಲೆಕ್ಕವೇ. ನಿಮ್ಮ ಗೆರೆ ಹಿಂದಿನ ಕಪ್ಪು ಪರದೆಯಿಂದ ಬಂದು, ಪೇಟದ ಅಂಚು ದಾಟಿ, ಹಣೆಗೆ ಇಳಿದಿದೆ. ಒಂದೇ ಎಳೆತಕ್ಕೆ ಪೂರ್ತಿ ಬಳಿದಾಗ ಬ್ರಷ್‌ನ ಒಂದು ಬದಿಗೆ ಪರದೆಯ ಕಪ್ಪು ಸಿಕ್ಕಿತು, ಇನ್ನೊಂದು ಬದಿಗೆ ಪೇಟದ ಬಿಳಿ. ಎರಡನ್ನೂ ಕಲಸಿ ಇಟ್ಟಿತು.

ನಾನು ಮಾಡುವುದು ಹೀಗೆ. ಗೆರೆ ಅಂಚನ್ನು ದಾಟುವ ಆ ಚೂರು ಜಾಗಕ್ಕೆ ಹೀಲಿಂಗ್ ಬ್ರಷ್ ಮುಟ್ಟಿಸುವುದೇ ಇಲ್ಲ. ಕ್ಲೋನ್ ಸ್ಟಾಂಪ್ ತೆಗೆದುಕೊಂಡು, ಪೇಟದ ಅದೇ ಅಂಚಿನಲ್ಲಿ ಸ್ವಲ್ಪ ಪಕ್ಕದ ಚೆನ್ನಾಗಿರುವ ಜಾಗದ ಮೇಲೆ ಆಲ್ಟ್ ಒತ್ತಿ ಕ್ಲಿಕ್ ಮಾಡುತ್ತೇನೆ. ಅಂಚಿನ ಮೇಲೆ ಅಂಚೇ ಕೂರುವ ಹಾಗೆ ಹಿಡಿದು, ಒಂದೆರಡು ಸಲ ಒತ್ತುತ್ತೇನೆ. ಅಲ್ಲಿಗೆ ಗೆರೆ ಎರಡು ತುಂಡಾಗುತ್ತದೆ. ಒಂದು ತುಂಡು ಪೂರ್ತಿ ಪರದೆಯಲ್ಲಿ, ಇನ್ನೊಂದು ಪೂರ್ತಿ ಪೇಟದಲ್ಲಿ. ಈಗ ಹೀಲಿಂಗ್ ಬ್ರಷ್ ಹಿಡಿದು ಒಂದೊಂದನ್ನೇ ಅಳಿಸಿ. ಬ್ರಷ್ ಗೆರೆಗಿಂತ ಸ್ವಲ್ಪ ಮಾತ್ರ ದಪ್ಪ ಇರಲಿ, ಚಿಕ್ಕ ಚಿಕ್ಕದಾಗಿ ಬಳಿಯಿರಿ. ಹಣೆಗೆ ಬಂದಾಗ ಇದೇ ಆಟ ಇನ್ನೊಮ್ಮೆ. ಅಂಚಿಗೆ ತೀರಾ ಹತ್ತಿರ ಹೋಗಲೇಬೇಕಾದರೆ ಪೇಟವನ್ನು ಮಾತ್ರ ಲ್ಯಾಸೋದಲ್ಲಿ (ಸುತ್ತ ಗೆರೆ ಎಳೆದು ಜಾಗ ಆರಿಸುವ ಟೂಲ್) ಸೆಲೆಕ್ಟ್ ಮಾಡಿಕೊಂಡು ಬಳಿಯಿರಿ, ಹೊರಗಿನ ಕಪ್ಪು ಒಳಗೆ ಬರುವುದಿಲ್ಲ. ಆಮೇಲೆ ಸೆಲೆಕ್ಷನ್ ತೆಗೆಯುವುದು ಮರೀಬೇಡಿ, ನನ್ನ ಕಥೆ ಕೇಳಿದ್ದೀರಲ್ಲ!

ಹಳೇ ಪ್ರಿಂಟ್‌ಗಳಲ್ಲಿ ಮರಳಿನಂಥ ಗ್ರೇನ್ ಇರುತ್ತದೆ. ಹೀಲ್ ಮಾಡಿದ ಜಾಗ ಎಣ್ಣೆ ಒರೆಸಿದ ಹಾಗೆ ನುಣ್ಣಗೆ ಕಂಡರೆ ಮೇಲಿನ ಪಟ್ಟಿಯಲ್ಲಿ 'ಡಿಫ್ಯೂಷನ್' ಸಂಖ್ಯೆ ಇಳಿಸಿ. ಅದು 1ರಿಂದ 7ರವರೆಗೆ ಇದೆ, ಗ್ರೇನ್ ಇರುವ ಫೋಟೋಗೆ ಕಡಿಮೆಯೇ ಒಳ್ಳೆಯದು. ಸ್ಪಾಟ್ ಹೀಲಿಂಗ್ ಅನ್ನು ಧೂಳಿನ ಚುಕ್ಕೆಗಳಿಗೆ ಇಟ್ಟುಕೊಳ್ಳಿ. ಎಲ್ಲಿಂದ ತರಬೇಕು ಅಂತ ಅದೇ ತೀರ್ಮಾನಿಸುವುದರಿಂದ ಮುಖದ ಮೇಲೆ ಓಡಿಸಿದರೆ ಮೀಸೆಯ ಚೂರೊಂದನ್ನು ಕೆನ್ನೆಗೆ ತಂದಿಟ್ಟರೂ ಇಟ್ಟಿತೇ.

ಇಷ್ಟಾದರೂ ಮೊಂಡು ಹಿಡಿದರೆ ಇನ್ನೊಂದೆರಡು ನೋಡಿ. ಮೇಲಿನ ಪಟ್ಟಿಯಲ್ಲಿ 'ಮೋಡ್' ನಾರ್ಮಲ್ ಇರಬೇಕು. 'ಸೋರ್ಸ್' ಪ್ಯಾಟರ್ನ್ ಆಗಿರಬಾರದು. ಲೇಯರ್ ಬದಲು ಅದರ ಮಾಸ್ಕ್ (ಲೇಯರ್‌ನ ಯಾವ ಭಾಗ ಕಾಣಬೇಕು ಅಂತ ಹೇಳುವ ಮುಸುಕು) ಸೆಲೆಕ್ಟ್ ಆಗಿದ್ದರೆ ನೀವು ಬಳಿದದ್ದೆಲ್ಲ ಮಾಸ್ಕಿಗೆ ಹೋಗುತ್ತದೆ. ಲೇಯರ್ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಹಾಗೇ ಕಾಪಾಡಿಟ್ಟುಕೊಳ್ಳುವ ಲೇಯರ್) ಆಗಿದ್ದರೆ ನೇರವಾಗಿ ಅದರ ಮೇಲೆ ಬಳಿಯಲು ಬಿಡುವುದಿಲ್ಲ. ಬ್ರಷ್‌ನ ವೃತ್ತ ಮಾಯವಾಗಿ ಬರೀ ಕೂಡಿಸುವ ಚಿಹ್ನೆಯಂಥದ್ದು ಕಂಡರೆ ಕ್ಯಾಪ್ಸ್ ಲಾಕ್ ಆನ್ ಇದೆ ಅಂತ ಅರ್ಥ, ಗಾಬರಿ ಬೇಡ. ಏನೇನೋ ಬದಲಾಯಿಸಿ ಗೊಂದಲವಾಗಿದ್ದರೆ ಮೇಲಿನ ಪಟ್ಟಿಯ ಎಡತುದಿಯಲ್ಲಿರುವ ಟೂಲ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ 'ರೀಸೆಟ್ ಟೂಲ್' ಕೊಡಿ.

ಇನ್ನೂ ಆಗಲಿಲ್ಲ ಅಂದರೆ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ. ಬರೀ ತಾತನ ಮುಖ ಸಾಲದು, ಮೇಲಿನ ಪಟ್ಟಿ ಮತ್ತೆ ಲೇಯರ್ ಪ್ಯಾನೆಲ್ ಎರಡೂ ಕಾಣಬೇಕು.